ಎಡಗಡೆ ಸೀಟಿನಲ್ಲೊಂದು ರಿವಾಲ್ವರ್

ನಾನು ಬದುಕಿನಲ್ಲಿ ಮೊದಲ ಸಲ ರಿವಾಲ್ವರ್ ನೋಡಿದ್ದು ದೇವರ ಕೋಣೆಯಲ್ಲಿ. ತಣಿಸಂದ್ರಕ್ಕೆ ಬಂದು ಮೂರು ತಿಂಗಳಾಗಿತ್ತು. ಅವತ್ತು ಆಯುಧಪೂಜೆ, ಮನೆ ಮಾಲೀಕರಾದ ಮುನಿರಾಜಣ್ಣ ಬಾಡಿಗೆಯವರನ್ನೆಲ್ಲ ಕೆಳಗಿನ ಮನೆಗೆ ಕರೆದಿದ್ದರು. ಮಣೆಯ ಮೇಲೆ ಎರಡು ಕಾರಿನ ಕೀ, ಒಂದು ಮಚ್ಚು, ಮಗನ ಲ್ಯಾಪ್‌ಟಾಪು, ಇವುಗಳ ನಡುವೆ ಹಳದಿ ಬಟ್ಟೆಯ ಮೇಲೆ ಕಪ್ಪು ರಿವಾಲ್ವರ್ ಮಲಗಿತ್ತು. ಹಿಡಿಕೆಗೆ ಅರಿಶಿನ ಕುಂಕುಮ, ಕೊಳವೆಯ ಮೇಲೊಂದು ಸೇವಂತಿಗೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮುನಿರಾಜಣ್ಣ ಪುರಿ, ಕಡಲೆ ಕೈಗಿಡುತ್ತ, "ಎದ್ರುಕೋಬೇಡಮ್ಮ ಟೀಚರಮ್ಮ, ಅದ್ರಾಗೆ ಗುಂಡಿಲ್ಲ" ಅಂದರು.

ನಮ್ಮ ವಿಜಯಪುರದಲ್ಲಿ ಇದೇ ಹಬ್ಬಕ್ಕೆ, ಅಂದರೆ ಖಂಡೆ ಪೂಜೆಗೆ, ಅಪ್ಪ ನಟ್ಟು ಬಿಚ್ಚುವ ಪಾನೆ, ಜಾಕು, ಗ್ರೀಸ್ ಡಬ್ಬಿ ಸಾಲಾಗಿ ಇಡುತ್ತಿದ್ದ. ಟೆಂಪೋ ತೊಳೆದು, ಅದಕ್ಕೆ ಕಬ್ಬು ಬಾಳೆಕಂದು ಕಟ್ಟಿ, ಮರುದಿನ ಸಂಜೆ ಬನ್ನಿ ಹಿಡಿದುಕೊಂಡು ಓಣಿಯ ಮನೆಮನೆಗೂ ಹೋಗುತ್ತಿದ್ದೆವು. ಬಂಗಾರದಂತೆ ಇರೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರೇ ಹಬ್ಬ ಮುಗಿಯುವುದು, ಜಗಳವಾಡಿದವರಿಗೂ ಕೊಡಲೇಬೇಕು. ಇಲ್ಲಿ ಪಕ್ಕದ ಮನೆಯ ಹುಡುಗಿಯ ಬಾಗಿಲು ಬಡಿದು ಬನ್ನಿ ಎಲೆ ಕೊಟ್ಟರೆ ಅವಳು ಅತ್ತಿತ್ತ ತಿರುಗಿಸಿ ನೋಡಿ, ಕಷಾಯಕ್ಕಾ ಎಂದು ಕೇಳಿದಳು. ಹೌದು ಅಂದುಬಿಟ್ಟೆ. ಮೂರು ಮಹಡಿ ಹತ್ತಿಳಿದು ಮನೆಮನೆಗೂ ವಿವರಿಸುವಷ್ಟು ಉಮೇದು ಉಳಿದಿರಲಿಲ್ಲ.

ನಾನು ಕಾರು ಓಡಿಸಲು ಕಲಿಸುವವಳು. ಅಪ್ಪನ ಟೆಂಪೋದಲ್ಲಿ ಕಲಿತವಳು. ಎರಡು ವರ್ಷದ ಮದುವೆ ಮುರಿದು ತವರಿಗೆ ಬಂದಾಗ ನನ್ನ ಕೈಯಲ್ಲಿದ್ದ ವಿದ್ಯೆ ಅದೊಂದೇ. ಊರಿನಲ್ಲಿ ಹೆಂಗಸಿನ ಹತ್ತಿರ ಡ್ರೈವಿಂಗ್ ಕಲಿಯಲು ಗಂಡಸರು ಬರಲಿಲ್ಲ, ಹೆಂಗಸರನ್ನು ಮನೆಯವರು ಬಿಡಲಿಲ್ಲ. ಬೆಂಗಳೂರಿನಲ್ಲಿ ಲೇಡಿ ಇನ್‌ಸ್ಟ್ರಕ್ಟರ್ ಅಂದರೆ ಬಾ ಬಾ ಎನ್ನುತ್ತಾರೆಂದು ಯಾರೋ ಹೇಳಿದರು. ಅದು ನಿಜವೇ ಆಗಿತ್ತು. ಬಂದ ವಾರದಲ್ಲೇ ಕೆಲಸ ಸಿಕ್ಕಿತು. ಆರ್.ಟಿ. ನಗರ, ಗಂಗಾನಗರದ ಗೃಹಿಣಿಯರು ನನ್ನ ಪಾಲಿಗೆ ಬಂದರು. ಮೂವತ್ತು ವರ್ಷ ಗಂಡನ ಪಕ್ಕದ ಸೀಟಿನಲ್ಲಿ ಕೂತು, ಈಗ ಮಕ್ಕಳು ದೊಡ್ಡವರಾದ ಮೇಲೆ ಬಲಗಡೆ ಸೀಟಿಗೆ ಬರುವ ಧೈರ್ಯ ಮಾಡಿದವರು.

ಮನೆ ಸಿಗುವುದು ಮಾತ್ರ ಕೆಲಸದಷ್ಟು ಸುಲಭವಿರಲಿಲ್ಲ. ಒಂಟಿ ಹೆಂಗಸೇ, ಯಾರಾದರೂ ಬಂದುಹೋಗುತ್ತಾರಾ, ಒಣಮೀನು ಕರಿಯುತ್ತೀರಾ, ಹೀಗೆ ಪ್ರಶ್ನೆಗಳು. ನನ್ನ ಕನ್ನಡ ಕೇಳಿ ಒಬ್ಬಾಕೆ, ನೀವು ಕರ್ನಾಟಕದವರೇನಾ ಎಂದು ನಿಜವಾದ ಅನುಮಾನದಿಂದ ಕೇಳಿದರು. ಹೌದ್ರಿ ಅಂದೆ. ಆ 'ರಿ' ಕೇಳಿ ಅವರ ಮಗ ಒಳಗಿನಿಂದ ನಕ್ಕ. ಆಮೇಲೆ ನಾನು 'ರಿ' ಬಿಟ್ಟೆ. ಕ್ಲಾಸಿನಲ್ಲಿ "ಕ್ಲಚ್ ಒತ್ರಿ" ಅನ್ನುತ್ತಿದ್ದವಳು "ಕ್ಲಚ್ ಒತ್ತಿ ಮೇಡಂ" ಅನ್ನಲು ಕಲಿತೆ. ಜೋಳದ ರೊಟ್ಟಿ ಬಡಿದರೆ ಸಪ್ಪಳವೆಂದು ಕೆಳಗಿನವರು ದೂರಿದರು, ಲಟ್ಟಿಸಿ ಮಾಡಲು ಶುರುಮಾಡಿದೆ. ಲಟ್ಟಿಸಿದ ರೊಟ್ಟಿ ರೊಟ್ಟಿಯೇ ಅಲ್ಲ. ಊರಿನಲ್ಲಿ ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳಿಲ್ಲ, ಈಗ ನಿಮಗೇ ಹೇಳುತ್ತಿದ್ದೇನೆ.

ನಮ್ಮ ಕಾರಿನ ಬಗ್ಗೆ ಒಂದು ವಿಷಯ ಹೇಳಬೇಕು. ಕಲಿಸುವವರು ಕೂರುವ ಎಡಗಡೆಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ನಾನು ನನ್ನದನ್ನು ಒತ್ತಿದರೆ ಕಲಿಯುವವರ ಕಾಲಡಿಯ ಪೆಡಲೂ ಕೆಳಗಿಳಿಯುತ್ತದೆ. ಮೊದಲ ದಿನ ಎಲ್ಲರೂ ಬೆಚ್ಚುತ್ತಾರೆ. ಗಂಗಾನಗರದ ಸಾವಿತ್ರಮ್ಮನಂತೂ ಸೀರೆ ಎತ್ತಿಹಿಡಿದು, ಇದರೊಳಗೆ ಏನೋ ಸೇರಿಕೊಂಡಿದೆ, ತಾನಾಗಿಯೇ ಇಳಿಯಿತು ಎಂದು ಕೂಗಿದ್ದರು. ಅವರಿಗೆ ಐವತ್ತೆರಡು ವರ್ಷ. ಮನೆಯಲ್ಲಿ ನಿಂತಿದ್ದ ಕಾರನ್ನು ಗಂಡ ಮುಟ್ಟಲು ಬಿಡುತ್ತಿರಲಿಲ್ಲ. ಚೀಟಿ ದುಡ್ಡಿನಲ್ಲಿ ಕದ್ದು ಕ್ಲಾಸಿಗೆ ಸೇರಿದ್ದರು. ಹತ್ತನೇ ಕ್ಲಾಸಿಗೆಲ್ಲ ಚೆನ್ನಾಗಿ ಓಡಿಸುತ್ತಿದ್ದರು. ನನಗೆ ಈ ಊರಿನಲ್ಲಿ ಗೆಲುವು ಅಂತ ಏನಾದರೂ ಸಿಕ್ಕಿದ್ದರೆ ಅದು ಇಂಥ ಹೆಂಗಸರು ಮೊದಲ ಬಾರಿ ಮೂರನೇ ಗೇರಿಗೆ ಹಾಕಿ ನನ್ನ ಮುಖ ನೋಡುವ ಗಳಿಗೆ.

ಸಾವಿತ್ರಮ್ಮನ ಹನ್ನೊಂದನೇ ಕ್ಲಾಸಿನ ದಿನ, ಬೆಳಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ, ಹೆಬ್ಬಾಳದ ಫ್ಲೈಓವರಿನ ಕೆಳಗಿನ ಸರ್ವೀಸ್ ರಸ್ತೆಯಲ್ಲಿ ಬೈಕಿನಲ್ಲಿ ಬಂದ ಇಬ್ಬರು ನಮ್ಮ ಮುಂದೆ ಅಡ್ಡ ಹಾಕಿದರು. ಕಾರು ತಾಗಿಸಿದ್ದೀರಿ, ಕಾಲಿಗೆ ಪೆಟ್ಟಾಗಿದೆ ಎಂಬ ವರಸೆ. ತಾಗಿರಲಿಲ್ಲ. ಹಿಂದೆ ಕೂತವನು ಹೆಲ್ಮೆಟ್ ಬಿಚ್ಚಿ ಕೈಯಲ್ಲಿ ಹಿಡಿದು ಇಳಿದ. ಎಡಕ್ಕೆ ಗಲ್ಲಿಯೊಂದು ಖಾಲಿಯಿತ್ತು. ಆದರೆ ಗಾಡಿ ಅಲ್ಲೇ ಆಫ್ ಆಗಿ ನಿಂತಿತು. ಅವನು ಹೆಲ್ಮೆಟಿನಿಂದ ಬಲಗಡೆಯ ಗಾಜು ಒಡೆದ. ಸಾವಿತ್ರಮ್ಮನ ಕೆನ್ನೆಗೆ ಗಾಜು ಹೊಕ್ಕಿತು. ಬಳೆ ಎಳೆದುಕೊಂಡು, ಫೋನ್ ಕಿತ್ತುಕೊಂಡು ಅವರು ಹೊರಟೇಹೋದರು. ಸುತ್ತ ನಿಂತವರು ವಿಡಿಯೊ ಮಾಡಿದರು, ಹತ್ತಿರ ಬಂದದ್ದು ಆಟೋದ ಅಜ್ಜ ಒಬ್ಬರೇ. ಅವರೇ ಆಸ್ಪತ್ರೆಗೆ ಕರೆದೊಯ್ದರು.

ಏಳು ಹೊಲಿಗೆ ಬಿದ್ದವು. ಆಮೇಲೆ ಠಾಣೆಯಲ್ಲಿ ಬರೆದುಕೊಳ್ಳುವವರು, ಗಾಡಿ ಯಾಕೆ ನಿಲ್ಲಿಸಿದಿರಿ, ಗಲ್ಲಿಗೆ ತಿರುಗಿಸಬಹುದಿತ್ತಲ್ಲ ಎಂದು ಕೇಳಿದರು. ಕಲಿಯುವವರು, ಹೆದರಿ ನಿಲ್ಲಿಸಿಬಿಟ್ಟರು ಎಂದು ನಾನು ಹೇಳಿದೆ. ಪಕ್ಕದಲ್ಲಿ ಕೆನ್ನೆಗೆ ಹತ್ತಿ ಒತ್ತಿಕೊಂಡು ಕೂತಿದ್ದ ಸಾವಿತ್ರಮ್ಮ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಡ್ರೈವಿಂಗ್ ಸ್ಕೂಲಿನ ಮಾಲೀಕರೂ ಅದನ್ನೇ ಕೇಳಿದರು, ನಾನು ಅದನ್ನೇ ಹೇಳಿದೆ. ಸಾವಿತ್ರಮ್ಮ ಮತ್ತೆ ಕ್ಲಾಸಿಗೆ ಬರಲಿಲ್ಲ. ಬ್ರೇಕ್ ಹಿಡಿದು ಕೂತವಳು ಕಾರು ಓಡಿಸುತ್ತಾಳಂತೆ ಎಂದು ಗಂಡ ನೆಂಟರಿಷ್ಟರ ಮುಂದೆಲ್ಲ ಆಡಿಕೊಂಡು ನಗುತ್ತಾನೆಂದು ಅವರ ಬೀದಿಯ ಇನ್ನೊಬ್ಬ ವಿದ್ಯಾರ್ಥಿನಿಯಿಂದ ಕೇಳಿದೆ. ಆ ಬೀದಿಗೆ ಹೋಗುವುದನ್ನೇ ಬಿಟ್ಟೆ.

ರಿವಾಲ್ವರಿನ ಯೋಚನೆ ನನ್ನ ತಲೆಗೆ ಹೊಕ್ಕಿದ್ದು ಆಗ. ಬೈಕೊಂದು ಪಕ್ಕಕ್ಕೆ ಬಂದರೆ ಸಾಕು, ಕಿಟಕಿಯ ಗಾಜು ಏರಿಸುತ್ತಿದ್ದೆ. ಎಡಗಡೆ ಸೀಟಿನಲ್ಲಿ ಕೈಗೆಟಕುವಂತೆ ಒಂದು ಇದ್ದರೆ ಅನ್ನಿಸತೊಡಗಿತು. ಹೆಲ್ಮೆಟ್ ಎತ್ತಿದವನ ಮುಖಕ್ಕೆ ಅದನ್ನು ಹಿಡಿದಂತೆ ದಿನಕ್ಕೆ ಹತ್ತು ಸಲ ಕಲ್ಪಿಸಿಕೊಳ್ಳುತ್ತಿದ್ದೆ. ಅವನು ಕಾಲಿಗೆ ಬೀಳುತ್ತಿದ್ದ. ನನ್ನ ಕಲ್ಪನೆಯಲ್ಲಿ ಅವನನ್ನು ನಾನು ಯಾವತ್ತೂ ಕ್ಷಮಿಸಲಿಲ್ಲ.

ಮುನಿರಾಜಣ್ಣನಲ್ಲಿ ಕೇಳಿದೆ. ಅವರಿಗೆ ಖುಷಿಯೋ ಖುಷಿ. ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ನಾಲ್ಕು ಬಿಲ್ಡಿಂಗ್ ಎಬ್ಬಿಸಿದ ಕಾಲದಲ್ಲಿ, ಜಮೀನಿನ ತಕರಾರಿಗೆಂದು ಅವರು ಲೈಸೆನ್ಸ್ ಮಾಡಿಸಿದ್ದರಂತೆ. ಬೀರುವಿನಿಂದ ತೆಗೆದು, ಸೀರೆ ತೋರಿಸುವ ಅಂಗಡಿಯವರ ಹಾಗೆ ಟವೆಲ್ ಹಾಸಿ ಅದರ ಮೇಲಿಟ್ಟರು. ಎಷ್ಟು ಸಲ ಹಾರಿಸಿದ್ದೀರಿ ಎಂದು ಕೇಳಿದ್ದಕ್ಕೆ ಮೀಸೆ ಸವರಿಕೊಂಡರು.

"ಆರ್ಸೋಕೆ ಎಲ್ಲಮ್ಮ ಆಗ್ತದೆ? ಎಲೆಕ್ಷನ್ ಬಂತು ಅಂದ್ರೆ ತಗೊಂಡೋಗಿ ಸ್ಟೇಷನ್‌ಗೆ ಒಪ್ಪಿಸ್ಬೇಕು. ಮುಗುದ್ಮೇಲೆ ಇಸ್ಕೊಂಡ್ ಬರ್ಬೇಕು. ಗಲಾಟೆ ಆಗೋ ಟೈಮ್‌ನಾಗೆಲ್ಲ ಇದು ಪೊಲೀಸ್ರ ತಾವೇ ಇರ್ತದೆ. ಅಬ್ಬಕ್ಕೆ ಮಾತ್ರ ಮನೇಗಿರ್ತದೆ."

ಹೀಗೆ ಹೇಳಿಯೂ, ನೀನು ಮಾಡಿಸಿಕೋ, ಒಂಟಿ ಹೆಂಗಸಿಗೆ ಒಂದು ಗತ್ತು ಇರುತ್ತೆ ಅಂದರು. ನಾನು ಅರ್ಜಿ ಹಾಕಿದೆ. ಫಾರಂ ತುಂಬುವಾಗ ವಾಸದ ವಿಳಾಸ, ಖಾಯಂ ವಿಳಾಸ ಎಂದು ಎರಡು ಜಾಗ ಬಿಟ್ಟಿದ್ದರು. ಒಂದರಲ್ಲಿ ತಣಿಸಂದ್ರ ಬರೆದೆ, ಇನ್ನೊಂದರಲ್ಲಿ ವಿಜಯಪುರದ ತಮ್ಮನ ಮನೆ ಬರೆದೆ. ಕಾರಣ ಎಂಬಲ್ಲಿ, ವಾಹನ ಚಾಲನೆಯ ವೇಳೆ ಆತ್ಮರಕ್ಷಣೆಗಾಗಿ ಎಂದು ಬರೆದೆ. ವೈದ್ಯರ ಸರ್ಟಿಫಿಕೇಟು, ಎಫ್‌ಐಆರ್ ಪ್ರತಿ, ಫೋಟೊ, ಎಲ್ಲ ಅಂಟಿಸಿ ಕೊಟ್ಟು ಬಂದೆ.

ಬಂದೂಕಿನ ಅಂಗಡಿಗೂ ಹೋದೆ. ಲೈಸೆನ್ಸ್ ಇಲ್ಲದೆ ಕೈಗೆ ಕೊಡುವುದಿಲ್ಲವೆಂದರು, ಗಾಜಿನ ಆಚೆಯಿಂದ ತೋರಿಸಿದರು. ಹೆಂಗಸರಿಗೆಂದೇ ಮಾಡಿದ ಹಗುರದ್ದೊಂದು ಮೆರೂನ್ ಬಣ್ಣದ, ಬಳೆ ಇಡುವಂಥ ಪೆಟ್ಟಿಗೆಯಲ್ಲಿತ್ತು. ಅಂಗಡಿಯವನು ಮೂರು ಸಲ, ಸಾರ್ ಬರ್ತಾರಾ ಎಂದು ಕೇಳಿದ. ಯಾವ ಸಾರ್ ಎಂದು ನಾನು ಕೇಳಿದ ಮೇಲೆ ಪೆಟ್ಟಿಗೆ ಮುಚ್ಚಿಟ್ಟ.

ರಿವಾಲ್ವರ್ ವಾಸಿಯೋ ಪಿಸ್ತೂಲು ವಾಸಿಯೋ ಎಂದು ಕೇಳಲು ನಂಜಪ್ಪನವರ ಹತ್ತಿರ ಹೋದೆ. ಜಾಲಹಳ್ಳಿಯವರು, ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಅವರ ಸೊಸೆ ದೀಪಾ ನನ್ನ ಹತ್ತಿರವೇ ಕಾರು ಕಲಿಯುತ್ತಿದ್ದಳು. ಅವರು ಕುಕ್ಕರ್ ಆರಿಸುವವರ ಹಾಗೆ ಗುಣದೋಷ ಬಿಡಿಸಿ ಹೇಳಿದರು. ರಿವಾಲ್ವರಿನಲ್ಲಿ ಆರೇ ಗುಂಡು, ಆದರೆ ಸರಳ, ಸಿಕ್ಕಿಹಾಕಿಕೊಳ್ಳುವುದು ಕಮ್ಮಿ. ಪಿಸ್ತೂಲಿಗೆ ಗುಂಡು ಹೆಚ್ಚು, ಅಭ್ಯಾಸವೂ ಹೆಚ್ಚು ಬೇಕು. ನನಗೆ ರಿವಾಲ್ವರ್ ಎಂದೇ ತೀರ್ಮಾನವಾಯಿತು. ನಾನು ಎದ್ದು ಹೊರಟಾಗ ಅವರು, ನಿಲ್ಲಿ, ಕಾರಲ್ಲಿ ಕೂತು ನೋಡೋಣ ಅಂದರು.

ಅವರ ಮನೆ ಮುಂದೆಯೇ ನಮ್ಮ ಎಲ್ ಬೋರ್ಡಿನ ಕಾರು ನಿಂತಿತ್ತು. ದೀಪಾಳನ್ನು ಬಲಗಡೆ ಕೂರಿಸಿದರು. ನಾನು ಎಡಗಡೆ ಕೂತು ಬೆಲ್ಟ್ ಹಾಕಿಕೊಂಡೆ. ರಿವಾಲ್ವರ್ ಅಂದುಕೊಳ್ಳಲು ಒಂದು ಟಾರ್ಚ್ ಕೊಟ್ಟು ಕೈಚೀಲದಲ್ಲಿ ಇಡಿಸಿದರು. ತಾವು ಪೇಪರ್ ಸುರುಳಿ ಸುತ್ತಿಕೊಂಡು ಹತ್ತು ಹೆಜ್ಜೆ ದೂರ ಹೋಗಿ ನಿಂತರು. ನಾನು ಓಡಿ ಬರ್ತೀನಿ, ನೀವು ತೆಗೆದು ನನಗೆ ಗುರಿ ಹಿಡೀಬೇಕು ಅಂದರು. ಅರವತ್ತೆಂಟು ವರ್ಷದ ಮನುಷ್ಯ ಪಂಚೆ ಎತ್ತಿ ಕಟ್ಟಿ ಓಡಿಬಂದರು. ನಾನು ಚೀಲದ ಜಿಪ್ಪು ತೆಗೆಯುವಷ್ಟರಲ್ಲಿ ಪೇಪರು ದೀಪಾಳ ಕಡೆಯ ಕಿಟಕಿಗೆ ಬಡಿದಿತ್ತು. ಎರಡನೇ ಸಲ ಜಿಪ್ಪು ತೆರೆದೇ ಇಟ್ಟುಕೊಂಡೆ, ಬೆಲ್ಟು ಅಡ್ಡ ಬಂತು. ಮೂರನೇ ಸಲ ಟಾರ್ಚು ಹೊರಗೆ ಬಂತು. ಗೆದ್ದೆ ಅಂದುಕೊಂಡು ಚಾಚಿ ಹಿಡಿದೆ. ಅದರ ತುದಿ ದೀಪಾಳ ಕಿವಿಗೆ ತಾಗಿ ನಿಂತಿತ್ತು.

"ನೋಡಿದ್ರಾ ಮೇಡಂ? ನಿಮ್ಮ ಗುಂಡಿನ ದಾರೀಲಿ ಮೊದಲು ಸಿಗೋದು ಕಲಿಯೋರ ತಲೆ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ದೀಪಾ ಕಿವಿ ಉಜ್ಜಿಕೊಳ್ಳುತ್ತ ಕೆಳಗೆ ನೋಡಿ ಹೇಳಿದಳು, "ಮೇಡಂ, ಮಾವ ಓಡಿಬಂದಾಗೆಲ್ಲ ನನ್ನ ಬ್ರೇಕ್ ಪೆಡಲ್ ಕೆಳಗೆ ಹೋಗ್ತಿತ್ತು. ಮೂರು ಸಲಾನೂ."

ನನ್ನ ಬಲಗಾಲು ಆಗಲೂ ಬ್ರೇಕಿನ ಮೇಲೇ ಇತ್ತು, ನೆಲಕ್ಕೆ ಒತ್ತಿಕೊಂಡು. ಏನಾದರೂ ಅಡ್ಡ ಬಂದರೆ ಒತ್ತು ಎಂದು ಅಪ್ಪನ ಟೆಂಪೋದ ದಿನಗಳಿಂದ ಹನ್ನೆರಡು ವರ್ಷ ಪಳಗಿದ ಕಾಲು. ನಾಯಿಗೂ ಒತ್ತುತ್ತದೆ, ಮಗುವಿಗೂ ಒತ್ತುತ್ತದೆ, ಹೆಲ್ಮೆಟ್ ಎತ್ತಿ ಬರುವವನಿಗೂ ಒತ್ತುತ್ತದೆ.

ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಬಹುದು, ನೀವು ನಂಬಲೂಬಹುದು. ಆದರೆ ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಹೆಬ್ಬಾಳದಲ್ಲಿ ಅವತ್ತು ಸಾವಿತ್ರಮ್ಮ ಹೆದರಿರಲಿಲ್ಲ. ಅವನು ಹೆಲ್ಮೆಟ್ ಬಿಚ್ಚುತ್ತಿದ್ದಂತೆಯೇ ಆಕೆ ಸ್ಟೇರಿಂಗ್ ಎಡಕ್ಕೆ ಎಳೆದು, ಗಲ್ಲಿಯ ಕಡೆಗೆ ಆಕ್ಸಿಲರೇಟರ್ ಒತ್ತಿದ್ದರು. ಹತ್ತು ಕ್ಲಾಸಿನಲ್ಲಿ ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ತಿರುಗಿಸಿದ್ದರು. ಕಾರು ಮುಂದಕ್ಕೆ ಹಾರಿತ್ತು. ನಿಲ್ಲಿಸಿದ್ದು ನನ್ನ ಕಾಲು. ಠಾಣೆಯಲ್ಲಿ ಆ ಪ್ರಶ್ನೆ ಬಂದಾಗ ನಿಜ ನನ್ನ ಬಾಯಿತನಕ ಬಂದಿತ್ತು. ಇನ್‌ಸ್ಟ್ರಕ್ಟರೇ ಗಾಡಿ ನಿಲ್ಲಿಸಿ ಕಲಿಯುವವರನ್ನು ಪುಂಡರ ಕೈಗೆ ಕೊಟ್ಟಳು ಅಂದರೆ ಯಾವ ಸ್ಕೂಲಿನವರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ಮನೆ ಹೋಗುತ್ತದೆ, ಮನೆ ಹೋದರೆ ತಮ್ಮನ ಬಾಗಿಲಿಗೆ ಮರಳಬೇಕು. ನಿಜವನ್ನು ನುಂಗಿದೆ. ನುಂಗಿದ್ದು ಒಳಗೆ ಸುಮ್ಮನಿರದೆ ರಿವಾಲ್ವರ್ ಬೇಕೆಂದು ಕೂಗತೊಡಗಿತು. ನನಗೆ ಬೇಕಾಗಿದ್ದದ್ದು, ತಪ್ಪೆಲ್ಲ ಆ ಬೈಕಿನವರದ್ದು, ಈ ಊರಿನದ್ದು ಎಂದು ಸಾರುವ ಒಂದು ಕಬ್ಬಿಣದ ತುಂಡು.

ಅರ್ಜಿ ಮಾತ್ರ ತನ್ನ ಪಾಡಿಗೆ ನಡೆದಿತ್ತು. ತಣಿಸಂದ್ರದ ಮನೆಗೆ ವಿಚಾರಣೆಗೆ ಬಂದವರು ಮುನಿರಾಜಣ್ಣನನ್ನು ಕೇಳಿದರು. ಒಳ್ಳೆ ಹೆಂಗಸು ಸಾರ್, ಆದ್ರೆ ನಮ್ಮ ಕಡೆಯೋರಲ್ಲ, ಬಾಡಿಗೆಗಿದಾರೆ ಎಂದು ಅವರು ಹೇಳಿದ್ದು ಮೆಟ್ಟಿಲಲ್ಲಿ ನಿಂತ ನನಗೇ ಕೇಳಿಸಿತು. ಅದರಲ್ಲಿ ಸುಳ್ಳೇನಿರಲಿಲ್ಲ. ವಾರದ ಮೇಲೆ ವಿಜಯಪುರದಿಂದ ತಮ್ಮ ಮಲ್ಲು ಫೋನ್ ಮಾಡಿದ.

"ಅಕ್ಕಾ, ಮನಿಗಿ ಪೊಲೀಸ್ರು ಬಂದಿದ್ರು. ಆಕಿ ಇಲ್ಲಿ ಇರ್ತಾಳೇನು ಅಂದ್ರು. ಇಲ್ರಿ, ಆಕಿ ಈಗ ಬೆಂಗಳೂರಾಕಿ ಅಂದೆ. ಹಂಗ ಬರಕೊಂಡು ಹ್ವಾದ್ರು. ಖರೇನ ಹೇಳೀನಲ್ಲ?"

ಖರೇನ ಹೇಳೀದಿ ಅಂದೆ. ಬಹಳ ದಿನಗಳ ಮೇಲೆ ನನ್ನ ಬಾಯಲ್ಲಿ ಊರಿನ ಮಾತು ತಡವರಿಸಿತು, ಅದು ಅವನಿಗೂ ಗೊತ್ತಾಯಿತು.

ಎರಡು ತಿಂಗಳ ಮೇಲೆ ಪತ್ರ ಬಂತು. ಅರ್ಜಿದಾರರು ಹಾಲಿ ವಿಳಾಸದಲ್ಲಿ ಬಾಡಿಗೆದಾರರಾಗಿದ್ದು ಖಾಯಂ ನಿವಾಸಿಯಲ್ಲ, ಖಾಯಂ ವಿಳಾಸದಲ್ಲಿ ವಾಸವಿಲ್ಲ, ಸೂಕ್ತ ಕಾರಣ ಕಂಡುಬರುವುದಿಲ್ಲ, ತಿರಸ್ಕರಿಸಲಾಗಿದೆ. ಮೂರೇ ಸಾಲು. ಎರಡೂ ಊರಿನವರು ಮಾತಾಡಿಕೊಂಡವರ ಹಾಗೆ ನಾನು ತಮ್ಮವಳಲ್ಲ ಎಂದು ಸಹಿ ಹಾಕಿಕೊಟ್ಟಿದ್ದರು. ಬೇರೆ ದಿನವಾಗಿದ್ದರೆ ಕೂತು ಅಳುತ್ತಿದ್ದೆ. ಅವತ್ತು ಆ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿ, ಬಸ್ಸು ಹತ್ತಿ ಗಂಗಾನಗರಕ್ಕೆ ಹೋದೆ. ಬಚ್ಚಿಟ್ಟುಕೊಳ್ಳಲು ಇದ್ದ ಕೊನೆಯ ಮರೆಯೂ ಹೋಗಿತ್ತು.

ಸಾವಿತ್ರಮ್ಮ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದರು. ಕೆನ್ನೆಯ ಮೇಲೆ ಹೊಲಿಗೆಯ ಗುರುತು ಬೆಳ್ಳಗೆ ಉಳಿದಿತ್ತು. ಪಕ್ಕದಲ್ಲಿ ಹೊದಿಕೆ ಹೊದ್ದ ಕಾರು. ಕೂರಿಸಿದರು, ಕಾಫಿ ತಂದರು. ಗಂಡ ಮನೆಯಲ್ಲಿರಲಿಲ್ಲ. ನಾನು ಕಾಫಿ ಮುಟ್ಟದೆ ಎಲ್ಲವನ್ನೂ ಹೇಳಿದೆ. ಬ್ರೇಕ್ ಒತ್ತಿದ್ದು ನಾನು, ಠಾಣೆಯಲ್ಲಿ ಸುಳ್ಳು ಹೇಳಿದ್ದು ನಾನು, ನಿಮ್ಮ ಯಜಮಾನರ ಮುಂದೆಯೂ ಬಂದು ಹೇಳುತ್ತೇನೆ, ಬೇಕಾದರೆ ಠಾಣೆಗೂ ಬರುತ್ತೇನೆ. ಹೇಳುತ್ತ ಹೇಳುತ್ತ ನನ್ನ 'ರಿ' ವಾಪಸು ಬಂದಿತ್ತು, ತಪ್ಪಾತ್ರಿ ಎಂದು ಎಷ್ಟು ಸಲ ಅಂದೆನೋ.

ಅವರು ಹಪ್ಪಳ ತಿರುವಿಹಾಕುವುದನ್ನು ನಿಲ್ಲಿಸಲಿಲ್ಲ.

"ನಂಗೊತ್ತಿತ್ತು ಕಣಮ್ಮ. ಪೆಡಲ್ ಇಳಿದಿದ್ದು ನನ್ನ ಕಾಲ್ಕೆಳಗೇ ತಾನೆ?"

ಮೊದಲ ದಿನ ಸೀರೆ ಎತ್ತಿಹಿಡಿದು ಕೂಗಿದ್ದವರು ಇವರೇ. ಪೆಡಲಿನೊಳಗೆ ಏನು ಸೇರಿಕೊಂಡಿದೆಯೆಂದು ಆಮೇಲೆ ನಾನೇ ನಗುತ್ತ ವಿವರಿಸಿದ್ದೆ. ಹಾಗಾದರೆ ಠಾಣೆಯಲ್ಲಿ ಯಾಕೆ ಹೇಳಲಿಲ್ಲ, ಮನೆಯಲ್ಲಿ ಅಷ್ಟು ಆಡಿಕೊಳ್ಳುವಾಗಲಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಹೊರಗಿನೋರು. ಒಂಟಿ ಹೆಂಗಸು. ಕೆಲ್ಸ ಹೋದ್ರೆ ಎಲ್ಲಿಗೆ ಹೋಗ್ತೀರಾ ಅಂತ ಸುಮ್ನಿದ್ದೆ. ನಂಗಾದ್ರೆ ಮನೆ ಇದೆ, ಬೈಸ್ಕೊಂಡು ಇರ್ಬೋದು. ನೀವೇ ಬಂದು ಹೇಳ್ತೀರಾ ಅಂತ ಕಾಯ್ತಿದ್ದೆ, ತುಂಬಾ ದಿನ ಮಾಡಿದ್ರಿ."

ಮತ್ತೆ ಕ್ಲಾಸಿಗೆ ಬರುತ್ತೀರಾ, ಉಳಿದ ಕ್ಲಾಸು ನಾನೇ ಮಾಡಿಸುತ್ತೇನೆ ಎಂದು ಕೇಳಿದೆ. ಅವರು ಕಾರಿನ ಹೊದಿಕೆಯ ಕಡೆ ನೋಡಿ ಬೇಡವೆಂದು ತಲೆಯಾಡಿಸಿದರು. ಇನ್ನೊಬ್ಬರ ಕಾಲಿರುವ ಬ್ರೇಕು ಸಾಕು, ಓಡಿಸಿದರೆ ಇದನ್ನೇ ಓಡಿಸುತ್ತೇನೆ ಅಂದರು. ಯಜಮಾನರಿಗೆ ನೀವೇನೂ ಹೇಳಬೇಡಿ, ನಾನೇ ಹೇಳುತ್ತೇನೆ ಅಂದರು. ಕಾಫಿ ಆರಿಹೋಗಿದೆ ಎಂದು ಬೇರೆ ಕಾಫಿ ತಂದುಕೊಟ್ಟರು.

ಬೆಂಗಳೂರಿಗೆ ಬಂದ ಈ ಏಳು ವರ್ಷದಲ್ಲಿ ಒಡಹುಟ್ಟಿದವರೂ ಮಾಡದಷ್ಟನ್ನು ಈ ಊರಿನ ಒಬ್ಬ ಹೆಂಗಸು ನನಗಾಗಿ ಮಾಡಿದಳು. ನನ್ನನ್ನು ಉಳಿಸಲು ತನ್ನ ಮಾನವನ್ನೇ ಕೊಟ್ಟಳು. ಕಾರಣ ಕೇಳಿದರೆ, ಹೊರಗಿನವಳು ಪಾಪ ಅಂದಳು. ಆ ಮಾತಿಗೆ ಋಣಿಯಾಗಿರಬೇಕೋ ನೋಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಪೊಲೀಸರ ಪತ್ರದಲ್ಲಿ ಓದಿದಾಗ ಸಿಟ್ಟು ಬಂದಿದ್ದ ಅದೇ ಮಾತನ್ನು ಆಕೆಯ ಬಾಯಲ್ಲಿ ಕೇಳಿ, ಬಸ್ಸಿನಲ್ಲಿ ಹೆಬ್ಬಾಳ ದಾಟುವವರೆಗೂ ಅತ್ತೆ.

ಈಗಲೂ ಎಡಗಡೆ ಸೀಟಿನಲ್ಲೇ ಕೂರುತ್ತೇನೆ. ಚೀಲದಲ್ಲಿ ನೀರಿನ ಬಾಟಲಿಯಿದೆ, ರೊಟ್ಟಿಯಿದೆ. ಹೊಸದಾಗಿ ಬಂದವರು, ಪೆಡಲ್ ತಾನಾಗಿಯೇ ಇಳಿಯಿತಲ್ಲ ಮೇಡಂ ಎಂದು ಬೆಚ್ಚಿದರೆ, ಅದು ನಾನು, ನನ್ನ ಕಾಲು ಎಂದು ಆಗಲೇ ಹೇಳಿಬಿಡುತ್ತೇನೆ.